ನಡೆದು ಬಂದವರನ್ನು ಎಣಿಸುವವರು ಯಾರು?

ನಮ್ಮ ಕರಾವಳಿಯ ಪ್ರವಾಸಿ ಕೈಪಿಡಿಗಳಲ್ಲಿ ನೀರಿಗೆ ಬರವಿಲ್ಲ. ಪಿಲಿಕುಳದ ಕೆರೆ, ಪಣಂಬೂರು, ತಣ್ಣೀರುಬಾವಿ, ಸಸಿಹಿತ್ಲು, ಸೋಮೇಶ್ವರ. ಉಡುಪಿ ಜಿಲ್ಲೆಗೆ ದಾಟಿದರೆ ಕಾರ್ಕಳದ ಆನೆಕೆರೆ ಮತ್ತು ರಾಮಸಮುದ್ರ, ದೋಣಿಯಲ್ಲಿ ಕುಳಿತೇ ಹೋಗಬೇಕಾದ ವರಂಗದ ಕೆರೆಬಸದಿ. ಒಂದೊಂದು ಹೆಸರಿನ ಮುಂದೆಯೂ ಮಂಗಳೂರಿನಿಂದ ಇಷ್ಟು ಕಿಲೋಮೀಟರ್ ಎಂದು ನಮೂದಿಸಿರುತ್ತಾರೆ. ಈ ಕಿಲೋಮೀಟರು ಕಾರಿನ ಕಿಲೋಮೀಟರು. ವಾಹನ ನಿಲುಗಡೆಗೆ ಜಾಗವಿದೆ, ಶೌಚಾಲಯವಿದೆ, ಐಸ್‌ಕ್ರೀಮ್ ಅಂಗಡಿಯಿದೆ ಎಂಬ ವಿವರಗಳೂ ಸಿಗುತ್ತವೆ. ಮನೆಯಿಂದ ಹೊರಟವನು ನೀರಿನ ಅಂಚಿಗೆ ಕಾಲ್ನಡಿಗೆಯಲ್ಲಿ ಹೇಗೆ ತಲುಪಬೇಕು ಎಂಬ ಒಂದು ಸಾಲು ಮಾತ್ರ ಯಾವ ಕೈಪಿಡಿಯಲ್ಲಿಯೂ ನನಗೆ ಕಂಡಿಲ್ಲ.

ನಾನು ವಾಸವಾಗಿರುವ ಬೈಕಂಪಾಡಿಯ ಹೆಸರು ಇಂಥ ಕೈಪಿಡಿಗಳಲ್ಲಿ ಬರುವುದೇ ಇಲ್ಲ. ಕೈಗಾರಿಕಾ ಪ್ರದೇಶ, ಎಪಿಎಂಸಿ ಪ್ರಾಂಗಣ, ಟ್ಯಾಂಕರುಗಳ ಸಾಲು: ಹೊರಗಿನವರಿಗೆ ಈ ಊರೆಂದರೆ ಇಷ್ಟೇ. 2020ರಲ್ಲಿ ಕೋವಿಡ್ ಕಾಲಕ್ಕೆ ನಗರದ ಸೆಂಟ್ರಲ್ ಮಾರ್ಕೆಟ್ಟಿನ ಸಗಟು ವ್ಯಾಪಾರ ಇಲ್ಲಿಗೆ ಸ್ಥಳಾಂತರಗೊಂಡಾಗ ಒಂದಷ್ಟು ದಿನ ಪತ್ರಿಕೆಗಳಲ್ಲಿ ನಮ್ಮ ಊರಿನ ಹೆಸರು ಓಡಾಡಿತು. ಇಂಥ ಊರಿನಲ್ಲಿ ಬೆಳಿಗ್ಗೆ ವಾಯುವಿಹಾರಕ್ಕೆ ಹೋಗುತ್ತೇನೆ ಎಂದರೆ ನಗರದ ಮಿತ್ರರು ನಗುತ್ತಾರೆ. ವಾಯುವೂ ಅಷ್ಟಕ್ಕಷ್ಟೆ, ವಿಹಾರವೂ ಅಷ್ಟಕ್ಕಷ್ಟೆ ಎಂಬುದು ಅವರ ಅಭಿಪ್ರಾಯ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕರಾವಳಿಯ ಅತ್ಯಂತ ಸೊಗಸಾದ ಎರಡು ನಡಿಗೆಗಳು ಈ ಊರಿನ ಆಸುಪಾಸಿನಲ್ಲಿಯೇ ಇವೆ ಎಂಬುದೂ ಅಷ್ಟೇ ಸತ್ಯ. ಅವುಗಳನ್ನು ಸವಿಯಲು ಇರುವ ಅಡ್ಡಿ ದೂರದ್ದಲ್ಲ, ದಾರಿಯದು.

ಮೊದಲು ಊರಿನ ಭೂಗೋಳವನ್ನು ಹೇಳಬೇಕು. ಬೈಕಂಪಾಡಿಯ ಪಶ್ಚಿಮಕ್ಕೆ ಅರಬ್ಬಿ ಸಮುದ್ರ. ದಕ್ಷಿಣಕ್ಕೆ ನವಮಂಗಳೂರು ಬಂದರು. ಅದರಾಚೆಗೆ ಫಲ್ಗುಣಿ, ಅಂದರೆ ಗುರುಪುರ ನದಿ. ಊರನ್ನು ಉದ್ದಕ್ಕೂ ಸೀಳಿಕೊಂಡು ಹೋಗುವುದು ಹಿಂದೆ 17 ಎನಿಸಿಕೊಂಡಿದ್ದ, ಈಗ 66 ಎಂಬ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ನಮ್ಮ ಬಂದರು ಲಗೂನ್ ಮಾದರಿಯದು. ಎಂದರೆ, ಕಡಲಿನೊಳಗೆ ಕಟ್ಟಿದ್ದಲ್ಲ, ತೀರವನ್ನು ಅಗೆದು ನೀರನ್ನು ಒಳಕ್ಕೆ ಕರೆತಂದದ್ದು. ಉಳ್ಳಾಲ ಶ್ರೀನಿವಾಸ ಮಲ್ಯರ ಹಟದ ಫಲವಾಗಿ ಮೂಡಿಬಂದ ಈ ಬಂದರು 1974ರ ಮೇ ತಿಂಗಳಲ್ಲಿ ಕಾರ್ಯಾರಂಭ ಮಾಡಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿ ವಿಧ್ಯುಕ್ತವಾಗಿ ಉದ್ಘಾಟಿಸಿದರು. ಹಾಗಾಗಿ ಬೈಕಂಪಾಡಿಯ ಅತಿದೊಡ್ಡ ಕೆರೆ ಯಾವುದೆಂದು ಯಾರಾದರೂ ಕೇಳಿದರೆ, ಬಂದರಿನ ಗೋಡೆಯ ಹಿಂದಿರುವ ಈ ಮನುಷ್ಯನಿರ್ಮಿತ ಜಲರಾಶಿಯನ್ನೇ ತೋರಿಸಬೇಕಾಗುತ್ತದೆ. ಅದನ್ನು ನೋಡಲು ಪಾಸು ಬೇಕು. 2004ರಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಹಡಗು ಮತ್ತು ಬಂದರು ಭದ್ರತಾ ಸಂಹಿತೆಯ ಅಡಿಯಲ್ಲಿ ಅದು ಅನಿವಾರ್ಯವೂ ಹೌದು. ಅದರ ಬಗ್ಗೆ ನನ್ನ ತಕರಾರಿಲ್ಲ.

ಬಂದರು ಬರುವ ಮೊದಲು ಇಲ್ಲಿ ಮನೆಗಳಿದ್ದವು, ಗದ್ದೆ, ತೆಂಗಿನ ತೋಟಗಳಿದ್ದವು. ನಿರಾಶ್ರಿತರಾದವರು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋದರು. ಇಂದಿಗೂ ಅಲ್ಲಿಯ ವಿಳಾಸಗಳಲ್ಲಿ ಇಷ್ಟನೇ ಬ್ಲಾಕ್ ಎಂದು ಬರೆಯುವುದು ಆ ಪುನರ್ವಸತಿಯ ಗುರುತು. ಭೂಮಿ ಕಳೆದುಕೊಂಡವರಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬ ಚರ್ಚೆ ಸಾಕಷ್ಟು ನಡೆದಿದೆ. ಯಾರೂ ಚರ್ಚಿಸದ ಒಂದು ನಷ್ಟವನ್ನು ಹೇಳುತ್ತೇನೆ. ಹಳೆಯ ಗ್ರಾಮನಕಾಶೆಗಳಲ್ಲಿ ಕಾಲುದಾರಿಗಳನ್ನು ಚುಕ್ಕಿಸಾಲಿನಲ್ಲಿ ಗುರುತಿಸಿರುತ್ತಾರೆ. ಕಂದಾಯದ ಕಡತಗಳೊಂದಿಗೆ ಒಡನಾಡಿದವರಿಗೆ ಆ ಚುಕ್ಕಿಗಳ ಬೆಲೆ ತಿಳಿದಿದೆ: ಯಾರ ಜಮೀನಿನಲ್ಲಿ ಹಾದುಹೋದರೂ ಆ ದಾರಿ ಊರಿನದು. 1894ರ ಭೂಸ್ವಾಧೀನ ಕಾಯಿದೆಯ 16ನೇ ಕಲಮಿನ ಪ್ರಕಾರ ಸ್ವಾಧೀನಪಡಿಸಿಕೊಂಡ ಜಮೀನು ಎಲ್ಲ ಋಣಭಾರಗಳಿಂದ ಮುಕ್ತವಾಗಿ ಸರಕಾರಕ್ಕೆ ಸೇರುತ್ತಿತ್ತು. ಕಡಲಿಗೆ ಹೋಗುವ ಕಾಲುದಾರಿಯೂ ಆ ಋಣಭಾರಗಳಲ್ಲಿ ಒಂದಾಯಿತು. ಬಂದರಿಗೆ, ಗೊಬ್ಬರದ ಕಾರ್ಖಾನೆಗೆ, ಕುದುರೆಮುಖದ ಅದಿರಿನ ಸ್ಥಾವರಕ್ಕೆ, ರೈಲ್ವೆ ಹಳಿಗಳಿಗೆ, ಕೈಗಾರಿಕಾ ಬಡಾವಣೆಗೆ ಒಂದಾದ ಮೇಲೊಂದರಂತೆ ಜಮೀನು ಹೋಯಿತು. ಪರಿಹಾರದ ಪಟ್ಟಿಯಲ್ಲಿ ತೆಂಗಿನ ಮರಗಳನ್ನು ಒಂದೊಂದಾಗಿ ಎಣಿಸುತ್ತಿದ್ದರು. ಕಾಲುದಾರಿಗೆ ಅಲ್ಲಿ ಕಲಮೇ ಇರಲಿಲ್ಲ.

ಆದರೂ ಉಳಿದದ್ದು ಕಡಿಮೆಯೇನಲ್ಲ. ಉತ್ತರದ ನಡಿಗೆಯನ್ನು ಮೊದಲು ಹೇಳುತ್ತೇನೆ. ಹೆದ್ದಾರಿ ದಾಟಿ ಮೀನಕಳಿಯದ ಬಳಿ ಕಡಲ ಬದಿಗೆ ಇಳಿದರೆ ಚಿತ್ರಾಪುರ, ಹೊಸಬೆಟ್ಟುಗಳ ಮೂಲಕ ಸುರತ್ಕಲ್ಲಿನ ದೀಪಸ್ತಂಭದವರೆಗೆ ನೀರಿನ ಅಂಚಿನಲ್ಲಿಯೇ ಸಾಗಬಹುದು. ದೀಪಾವಳಿ ಕಳೆದ ಮೇಲಿನ ತಿಂಗಳುಗಳು ಇದಕ್ಕೆ ಪ್ರಶಸ್ತ. ಮಳೆಗಾಲದಲ್ಲಿ ಕೆಂಪಾಗಿ ಉಬ್ಬರಿಸುತ್ತಿದ್ದ ಕಡಲು ಆ ಹೊತ್ತಿಗೆ ಶಾಂತವಾಗಿರುತ್ತದೆ. ಒದ್ದೆ ಮರಳು ಸಿಮೆಂಟಿನ ನೆಲದಷ್ಟು ಗಟ್ಟಿಯಾಗಿ ಕಾಲಿಗೆ ಹಿತವಾಗಿರುತ್ತದೆ. ಬಂದರಿನ ಒಳಗೆ ಬರಲು ಸರದಿ ಕಾಯುತ್ತಿರುವ ಹಡಗುಗಳು ದೂರದಲ್ಲಿ ನಿಂತಿರುತ್ತವೆ. ಒಂದೊಂದು ಮೀನುಗಾರರ ಕೇರಿಗೂ ಒಂದು ಭಜನಾ ಮಂದಿರ. ಅದರ ಜಗಲಿಯಲ್ಲಿ ಬಲೆ ಹೊಲಿಯುವ ಹಿರಿಯರು. ಅದೃಷ್ಟವಿದ್ದರೆ ಕೈರಂಪಣಿ ಎಳೆಯುವುದನ್ನು ನೋಡಬಹುದು. ಎರಡು ಸಾಲಾಗಿ ನಿಂತ ಜನ ಹಗ್ಗವನ್ನು ಎಳೆಯುತ್ತಾ ಒಬ್ಬರ ಹಿಂದೊಬ್ಬರು ಹಿಮ್ಮುಖವಾಗಿ ನಡೆದು ಬರುತ್ತಾರೆ. ಎರಡು ಸಾಲುಗಳ ನಡುವಿನ ಅಂತರ ನಿಧಾನವಾಗಿ ಕಿರಿದಾಗುತ್ತದೆ. ಬಲೆ ದಡಕ್ಕೆ ಸಮೀಪಿಸುವಾಗ ಗರುಡಗಳು ತಲೆಯ ಮೇಲೆ ಸುತ್ತತೊಡಗುತ್ತವೆ. ಬಲೆಯಲ್ಲಿ ಬೂತಾಯಿ, ಬಂಗುಡೆ ಸಿಕ್ಕರೆ ಅಲ್ಲಿಯೇ ಹಂಚಿಕೆ. ದೊಡ್ಡ ಯಾಂತ್ರಿಕ ದೋಣಿಗಳ ಕಾಲದಲ್ಲಿ ಇದೊಂದು ಉಳಿದಿರುವುದೇ ಆಶ್ಚರ್ಯ. ಇದನ್ನು ನೋಡಲು ಟಿಕೆಟ್ಟಿಲ್ಲ, ಇದರ ಸಮಯಪಟ್ಟಿಯೂ ಇಲ್ಲ. ಹಗ್ಗಕ್ಕೆ ಕೈಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ. ಒಮ್ಮೆ ಹಾಗೆ ಕೈಹಾಕಿದ ನನಗೆ ನಾಲ್ಕು ಬಂಗುಡೆ ಕೂಲಿಯಾಗಿ ಸಿಕ್ಕಿತು. ಸರಕಾರಿ ಸೇವೆಯಲ್ಲಿ ಪಡೆದ ಯಾವ ಭತ್ಯೆಯೂ ಅಷ್ಟು ನ್ಯಾಯವಾದದ್ದು ಎಂದು ಅನ್ನಿಸಿರಲಿಲ್ಲ.

ಈ ಹಾದಿಯಲ್ಲಿ ಅಲ್ಲಲ್ಲಿ ಕಡಲ್ಕೊರೆತ ತಡೆಯಲು ಸುರಿದ ಕಲ್ಲುಬಂಡೆಗಳ ಸಾಲು ಎದುರಾಗುತ್ತದೆ. ಬಂದರಿನ ಅಲೆತಡೆಗೋಡೆಗಳು ತೀರದುದ್ದಕ್ಕೂ ನಡೆಯುವ ಮರಳಿನ ಸಹಜ ಚಲನೆಯನ್ನು ಬದಲಿಸುತ್ತವೆ, ಒಂದೆಡೆ ಮರಳು ಸೇರಿದರೆ ಇನ್ನೊಂದೆಡೆ ಕೊಚ್ಚಿಹೋಗುತ್ತದೆ ಎಂಬುದು ಕಡಲ ಎಂಜಿನಿಯರಿಂಗಿನ ಸಾಮಾನ್ಯ ಪಾಠ. ಮನೆಗಳನ್ನು ಉಳಿಸಲು ಬಂಡೆ ಬೇಕೇ ಬೇಕು. ಆದರೆ ಬಂಡೆಗಳ ಹಿಂಬದಿಯಲ್ಲಿ ಒಂದು ಆಳು ನಡೆಯುವಷ್ಟು ಜಾಗ ಬಿಡಬೇಕೆಂದು ಅಂದಾಜುಪಟ್ಟಿ ಬರೆಯುವವರಿಗೆ ಹೊಳೆಯುವುದಿಲ್ಲ.

ದಕ್ಷಿಣದ ನಡಿಗೆ ಬೇರೆ ಬಗೆಯದು. ಬಂದರಿನ ಬಾಯಿ ತೀರವನ್ನು ಎರಡು ತುಂಡು ಮಾಡಿರುವುದರಿಂದ ಬೈಕಂಪಾಡಿಯಿಂದ ತಣ್ಣೀರುಬಾವಿಗೆ ಮರಳಿನ ಮೇಲೆ ಹೋಗುವಂತಿಲ್ಲ. ಬಸ್ಸಿನಲ್ಲಿ ಕೂಳೂರು ಸೇತುವೆ ದಾಟಿ ನಗರಕ್ಕೆ ಹೋಗಿ, ಅಲ್ಲಿಂದ ಸುಲ್ತಾನ್ ಬತ್ತೇರಿಗೆ ಬಂದು, ದೋಣಿಯಲ್ಲಿ ಮತ್ತೆ ನದಿ ದಾಟುವುದು ನನ್ನ ರೂಢಿ. ಒಂದೇ ನದಿಯನ್ನು ಎರಡು ಬಾರಿ ದಾಟಿದ ಪುಣ್ಯ! 1784ರಲ್ಲಿ ಟಿಪ್ಪು ಕಟ್ಟಿಸಿದ ಕಪ್ಪು ಕಲ್ಲಿನ ಆ ಕಾವಲುಗೋಪುರದ ಮೇಲೆ ನಿಂತರೆ ಎದುರಿಗೆ ಫಲ್ಗುಣಿ, ಅದರಾಚೆ ತೆಂಗಿನ ಮರಗಳು, ಅದರಾಚೆ ಕಡಲು. ದೋಣಿಯಿಂದ ಇಳಿದು ಮರಗಳ ನಡುವೆ ಹಾಯ್ದರೆ ತಣ್ಣೀರುಬಾವಿಯ ಕಡಲತೀರ. ಉಪ್ಪುನೀರಿನ ಬಗಲಿನಲ್ಲಿ ಸಿಹಿನೀರಿನ ಬಾವಿ ಸಿಕ್ಕ ಸಂತೋಷವೇ ಹೆಸರಾಗಿ ಉಳಿದಿರಬೇಕು. ಅಲ್ಲಿಂದ ದಕ್ಷಿಣಕ್ಕೆ ಬೆಂಗರೆಯ ಕಡೆಗೆ ನಡೆದರೆ ಬಲಕ್ಕೆ ಸಮುದ್ರ, ಎಡಕ್ಕೆ ನದಿ. ನಡುವೆ ಕಿರಿದಾದ ನೆಲದ ಪಟ್ಟಿ. ಆ ಪಟ್ಟಿ ಮುಗಿಯುವಲ್ಲಿ ನೇತ್ರಾವತಿಯೂ ಫಲ್ಗುಣಿಯೂ ಸೇರಿ ಕಡಲಿಗೆ ಬೀಳುವ ಅಳಿವೆ. ಬೆಂಗರೆಯಿಂದ ದೋಣಿ ಹಿಡಿದು ಹಳೆಬಂದರಿಗೆ ಬಂದರೆ ಊರೊಳಗಿನ ಬಸ್ಸು. ಕೇರಳದ ಹಿನ್ನೀರನ್ನು ನೋಡಲು ಸಾವಿರಾರು ರೂಪಾಯಿ ಖರ್ಚು ಮಾಡಿ ಹೋಗುವ ನಮ್ಮವರಲ್ಲಿ ಎಷ್ಟು ಮಂದಿ ಈ ದೋಣಿಗಳಲ್ಲಿ ಕುಳಿತಿದ್ದಾರೆ?

ಇಷ್ಟು ಹೇಳಿದ ಮೇಲೆ ಹೆದ್ದಾರಿಯ ಮಾತಿಗೆ ಬರಲೇಬೇಕು. ಬೈಕಂಪಾಡಿಯ ಮನೆಗಳಲ್ಲಿ ಬಹುಪಾಲು ರಸ್ತೆಯ ಒಂದು ಬದಿಗಿದ್ದರೆ ಕಡಲು ಇನ್ನೊಂದು ಬದಿಗೆ. ಬೆಳಿಗ್ಗೆ ಆರೂವರೆಗೆ ದಾಟಲು ನಿಂತರೆ ಮೀನಿನ ಬುಟ್ಟಿ ಹೊತ್ತ ಹೆಂಗಸರು, ಪಾಳಿ ಮುಗಿಸಿ ಬರುವ ಕಾರ್ಮಿಕರು, ಶಾಲೆಯ ಮಕ್ಕಳು ಜೊತೆಗಿರುತ್ತಾರೆ. ಒಂದು ದಿನ ನಾನು ಹೆಜ್ಜೆ ಮುಂದಿಟ್ಟಾಗ ಮೀನು ಮಾರುವ ಹೆಂಗಸೊಬ್ಬಳು, ‘ನಿಲ್ಲಿ ಮಾರಾಯ್ರೇ, ಆ ಟ್ಯಾಂಕರು ಹೋಗಲಿ’ ಎಂದು ಗದರಿದಳು. ಆಕೆ ಮಾತ್ರವೇ ಅಲ್ಲಿಯ ಸಂಚಾರ ನಿಯಂತ್ರಣ ವ್ಯವಸ್ಥೆ. ಈ ವಿಷಯವಾಗಿ ಸಂಬಂಧಪಟ್ಟ ಕಚೇರಿಯೊಂದಕ್ಕೆ ನಾನು ಬರೆದ ಪತ್ರಕ್ಕೆ, ಪಾದಚಾರಿಗಳ ಸಂಖ್ಯೆಯ ಸಮೀಕ್ಷೆ ಲಭ್ಯವಿಲ್ಲವಾದ್ದರಿಂದ ಪ್ರಸ್ತಾಪವನ್ನು ಪರಿಶೀಲಿಸಲಾಗದು ಎಂಬ ಉತ್ತರ ಬಂದಿತು. ಕನ್ನಡದಲ್ಲಿಯೇ ಬಂದಿತು ಎಂಬುದಷ್ಟೇ ಸಮಾಧಾನ.

ಈ ಉತ್ತರ ನನ್ನನ್ನು ಹಳೆಯ ಪಠ್ಯಪುಸ್ತಕಗಳ ಕಡೆಗೆ ಕೊಂಡೊಯ್ದಿತು. ವಿಹಾರಸ್ಥಳವೊಂದರ ಬೆಲೆಯನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇಲಾಖೆ ಎತ್ತಿದಾಗ ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್ 1947ರಲ್ಲಿ ಒಂದು ಪತ್ರ ಬರೆದರು. ಉದ್ಯಾನಕ್ಕೆ ಪ್ರವೇಶಶುಲ್ಕ ಇಲ್ಲದಿರಬಹುದು. ಆದರೆ ದೂರದಿಂದ ಬರುವವನು ಪ್ರಯಾಣಕ್ಕೆ ಹಣ ವೆಚ್ಚ ಮಾಡುತ್ತಾನೆ. ಆ ವೆಚ್ಚವೇ ಅವನು ತೆತ್ತ ಬೆಲೆ ಎಂಬುದು ಅವರ ಸೂಚನೆ. ಇದರ ಮರ್ಮ ಇರುವುದು ಮುಂದಿನ ಹೆಜ್ಜೆಯಲ್ಲಿ. ನೂರು ಮೈಲಿ ದೂರದವನು ಇಷ್ಟು ಬೆಲೆ ತೆತ್ತು ಬರುತ್ತಾನೆಂದರೆ, ಪಕ್ಕದ ಬೀದಿಯವನು ಅದೇ ಸುಖವನ್ನು ಬಹುತೇಕ ಬಿಟ್ಟಿಯಾಗಿ ಪಡೆಯುತ್ತಿದ್ದಾನೆ. ಆ ವ್ಯತ್ಯಾಸವೇ ಅವನಿಗೆ ದೊರೆತ ಲಾಭ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಅನುಭೋಗಿಯ ಮಿಗುತಾಯ. ಹತ್ತಿರದವನು ಹೆಚ್ಚು ಬಾರಿ ಬರುವುದರಿಂದ ಆ ಮಿಗುತಾಯದ ಸಿಂಹಪಾಲು ಅವನದೇ. ಕೆರೆಯ ನಿಜವಾದ ಬೆಲೆ ಗೇಟಿನಲ್ಲಿ ಕೊಟ್ಟ ಹಣದಲ್ಲಿಲ್ಲ, ಕೊಡದೆ ಉಳಿದದ್ದರಲ್ಲಿದೆ ಎಂದು ಇದನ್ನು ಸರಳವಾಗಿ ಹೇಳಬಹುದು.

ನಮ್ಮ ಯೋಜನಾ ವರದಿಗಳು ಇದನ್ನು ತಲೆಕೆಳಗು ಮಾಡಿವೆ. ವರ್ಷಕ್ಕೆ ಎಷ್ಟು ಪ್ರವಾಸಿಗರು, ತಲಾ ಖರ್ಚು ಎಷ್ಟು, ಟಿಕೆಟ್ಟಿನ ಆದಾಯ ಎಷ್ಟು, ವಾಹನ ನಿಲುಗಡೆಯ ಗುತ್ತಿಗೆ ಎಷ್ಟು: ಈ ನಾಲ್ಕು ಕಲಮುಗಳಲ್ಲಿ ವರದಿ ಮುಗಿಯುತ್ತದೆ. ಬೆಂಗಳೂರಿನಿಂದ ವರ್ಷಕ್ಕೊಮ್ಮೆ ಕಾರಿನಲ್ಲಿ ಬರುವ ನಾಲ್ವರ ಕುಟುಂಬ ನಾಲ್ಕು ಕಲಮುಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಅದು ತಪ್ಪಲ್ಲ, ಅವರೂ ನಮಗೆ ಬೇಕಾದವರೇ. ಆದರೆ ಮುನ್ನೂರು ದಿನ ನಡೆದು ಬರುವ ನಿವೃತ್ತ ಗುಮಾಸ್ತ, ಮಧುಮೇಹಕ್ಕೆ ವೈದ್ಯರು ನಡೆಯಲು ಹೇಳಿದ ಗೃಹಿಣಿ, ಭಾನುವಾರ ಕಡಲ ಬದಿಯಲ್ಲಿ ಕುಳಿತು ಊರಿಗೆ ಫೋನು ಮಾಡುವ ಬಿಹಾರದ ಕೂಲಿಯಾಳು: ಈ ಮೂವರೂ ನಾಲ್ಕು ಕಲಮುಗಳಲ್ಲಿಯೂ ಸೊನ್ನೆ. ಸೊನ್ನೆಗೆ ಹಣ ಒದಗಿಸುವ ಆಯವ್ಯಯ ಎಲ್ಲಿಯೂ ಇಲ್ಲ. ಆದ್ದರಿಂದ ನಿಲುಗಡೆಗೆ ಇಂಟರ್‌ಲಾಕ್ ಹಾಸು ಬರುತ್ತದೆ, ಕಮಾನು ಬರುತ್ತದೆ, ಸೆಲ್ಫಿಗೆಂದು ಊರಿನ ಹೆಸರಿನ ದೊಡ್ಡ ಅಕ್ಷರಗಳು ಬರುತ್ತವೆ, ಕಾಲುದಾರಿ ಬರುವುದಿಲ್ಲ.

ಮೈಸೂರಿನಲ್ಲಿ ಸೇವೆಯಲ್ಲಿದ್ದ ಕಾಲದಲ್ಲಿ ಇದರ ಎರಡೂ ಮುಖಗಳನ್ನು ನೋಡಿದ್ದೇನೆ. ಕಾರಂಜಿ ಕೆರೆ ಮೃಗಾಲಯದ ಆಡಳಿತಕ್ಕೆ ಸೇರಿದ್ದು. ಟಿಕೆಟ್ಟು ಪಡೆದು ಒಳಹೋದರೆ ಪಕ್ಷಿಗಳ ಪಂಜರ, ಚಿಟ್ಟೆಗಳ ಉದ್ಯಾನ, ದೋಣಿವಿಹಾರ, ಎಲ್ಲ ಅಚ್ಚುಕಟ್ಟು. ನೆಂಟರು ಬಂದಾಗ ಕರೆದೊಯ್ಯಲು ಹೇಳಿಮಾಡಿಸಿದ ಜಾಗ. ಕುಕ್ಕರಹಳ್ಳಿ ಕೆರೆಯ ಕಥೆಯೇ ಬೇರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿದ ಈ ಕೆರೆ ಈಗ ಮೈಸೂರು ವಿಶ್ವವಿದ್ಯಾನಿಲಯದ ಸುಪರ್ದಿನಲ್ಲಿದೆ. ನೋಡುವುದಕ್ಕೆ ಅಲ್ಲಿ ವಿಶೇಷವೇನಿಲ್ಲ: ನೀರು, ಹಕ್ಕಿ, ಮರ, ಸುತ್ತ ಒಂದು ಮಣ್ಣಿನ ಹಾದಿ. ಆದರೂ ಅರ್ಧ ಮೈಸೂರು ಅಲ್ಲಿ ನಡೆಯುತ್ತದೆ. ಪ್ರಾಧ್ಯಾಪಕ, ಹಾಲಿನ ಅಂಗಡಿಯವ, ಪರೀಕ್ಷೆಗೆ ಓದುವ ಹುಡುಗಿ, ಅಮಾನತುಗೊಂಡ ಅಧಿಕಾರಿ ಎಲ್ಲರೂ ಒಂದೇ ದಿಕ್ಕಿನಲ್ಲಿ ಸುತ್ತುತ್ತಾರೆ. ಕುವೆಂಪು ಅವರ ಸಂಜೆಗಳು ಆ ಕೆರೆಯ ಏರಿಯ ಮೇಲೆ ಕಳೆದವು ಎಂಬುದು ಕನ್ನಡ ಓದುಗರಿಗೆ ಹೊಸ ಸಂಗತಿಯಲ್ಲ. ನನ್ನ ಮಟ್ಟಿಗೆ, ಕೆಲವು ಕಗ್ಗಂಟಿನ ಕಡತಗಳು ಬಿಡಿಸಿಕೊಂಡದ್ದು ಕಚೇರಿಯಲ್ಲಲ್ಲ, ಅಲ್ಲಿ. ಎರಡು ಕೆರೆಗಳಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಮೈಸೂರಿನವರು ಯಾವುದನ್ನು ಆರಿಸುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದಾಯದ ಲೆಕ್ಕ ಹಾಕುವವರು ಇನ್ನೊಂದನ್ನು ಆರಿಸುತ್ತಾರೆ ಎಂಬುದರಲ್ಲಿಯೂ ಇಲ್ಲ.

ಪಿಲಿಕುಳದ ಬಗ್ಗೆ ನನಗೆ ಗೌರವವಿದೆ. ತುಳುವಿನಲ್ಲಿ ಪಿಲಿ ಎಂದರೆ ಹುಲಿ, ಕುಳ ಎಂದರೆ ಕೊಳ. ಹುಲಿಗಳು ನೀರು ಕುಡಿಯಲು ಬರುತ್ತಿದ್ದ ಜಾಗವೆಂದು ಹೇಳುತ್ತಾರೆ. ಕೆರೆಯ ಸುತ್ತ ಮೃಗಾಲಯ, ಗುತ್ತಿನ ಮನೆ, ಕುಂಬಾರ ಕಮ್ಮಾರರ ಕುಶಲಕರ್ಮಿ ಗ್ರಾಮ, 2014ರಿಂದ ವಿಜ್ಞಾನ ಕೇಂದ್ರ, 2018ರಿಂದ ಸ್ವಾಮಿ ವಿವೇಕಾನಂದ ತಾರಾಲಯ: ಮಕ್ಕಳಿರುವ ಮನೆಯವರು ಒಂದು ಇಡೀ ದಿನವನ್ನು ಸಾರ್ಥಕವಾಗಿ ಕಳೆಯಬಹುದು. ಕಂಬಳದ ಕರೆಯೂ ಅಲ್ಲಿದೆ. ಆದರೆ ಬೈಕಂಪಾಡಿಯಿಂದ ಅಲ್ಲಿಗೆ ಹೋಗಬೇಕೆಂದರೆ ಕಾರು ಬೇಕು, ಇಲ್ಲವೇ ಬಸ್ಸು ಬದಲಾಯಿಸುವ ತಾಳ್ಮೆ ಬೇಕು. ವರ್ಷಕ್ಕೆ ಎರಡು ಬಾರಿ ಹೋಗುವ ಜಾಗವದು. ಮನುಷ್ಯನ ಆರೋಗ್ಯಕ್ಕೂ ಊರಿನ ಸ್ನೇಹಕ್ಕೂ ಬೇಕಾಗಿರುವುದು ದಿನಕ್ಕೆ ಎರಡು ಬಾರಿ ಹೋಗಬಹುದಾದ ಜಾಗ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಗರದ ಗುಜ್ಜರಕೆರೆಗೂ ಕಾವೂರಿನ ಕೆರೆಗೂ ನಡಿಗೆಯ ಹಾದಿ ಒದಗಿದ್ದು ಈ ದೃಷ್ಟಿಯಿಂದ ಸ್ವಾಗತಾರ್ಹ. ಕೆರೆಯ ಸುತ್ತ ನಡೆಯಬಹುದು. ಕೆರೆಯವರೆಗೆ ನಡೆಯುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಯೂ ಬಾಕಿಯಿದೆ.

ಸರೋವರಗಳ ನಾಡು ಎಂದೊಡನೆ ಓದುಬಲ್ಲವರಿಗೆ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ನೆನಪಾಗುತ್ತದೆ. ಅಲ್ಲಿಯ ಕವಿ ವರ್ಡ್ಸ್‌ವರ್ತ್ 1844ರಲ್ಲಿ ವಿಂಡರ್‌ಮಿಯರ್ ಸರೋವರದ ಕಡೆಗೆ ರೈಲು ಬರುವುದನ್ನು ವಿರೋಧಿಸಿದ್ದರು. ಕಾರ್ಖಾನೆಯ ಕೆಲಸಗಾರರು ಹಿಂಡುಹಿಂಡಾಗಿ ಬಂದರೆ ಪ್ರಕೃತಿಯ ಸೊಬಗು ಅವರಿಗೇನು ದಕ್ಕೀತು ಎಂಬುದು ಅವರ ಅಳುಕು. ಈ ವಿಷಯದಲ್ಲಿ ನಾನು ರೈಲಿನ ಪಕ್ಷ. ಅದಿರಲಿ. ಆ ಪ್ರದೇಶ 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2017ರಲ್ಲಿ ವಿಶ್ವ ಪಾರಂಪರಿಕ ಪಟ್ಟಿಗೆ ಸೇರಿತು. ಅಲ್ಲಿ ಲಕ್ಷಾಂತರ ಜನ ನಡೆದಾಡಲು ಸಾಧ್ಯವಾಗಿರುವುದು ಕವಿತೆಯಿಂದಲ್ಲ, ಕಾನೂನಿನಿಂದ. 1932ರಲ್ಲಿ ಮ್ಯಾಂಚೆಸ್ಟರಿನ ಸುತ್ತಲಿನ ಯುವ ಕಾರ್ಮಿಕರು ಕಿಂಡರ್ ಸ್ಕೌಟ್ ಎಂಬ ಬೆಟ್ಟಕ್ಕೆ ಜಮೀನ್ದಾರರ ನಿಷೇಧವನ್ನು ಮುರಿದು ಸಾಮೂಹಿಕವಾಗಿ ನುಗ್ಗಿದರು; ಕೆಲವರು ಜೈಲಿಗೆ ಹೋದರು. 1949ರ ಕಾಯಿದೆ ಸ್ಥಳೀಯ ಆಡಳಿತಗಳು ಸಾರ್ವಜನಿಕ ಕಾಲುದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಬೇಕೆಂದು ವಿಧಿಸಿತು. ಒಮ್ಮೆ ನಕ್ಷೆಗೆ ಏರಿದ ದಾರಿಯನ್ನು ಜಮೀನಿನ ಒಡೆಯ ತನ್ನಿಷ್ಟದಂತೆ ಮುಚ್ಚುವಂತಿಲ್ಲ. ನಮ್ಮ ಗ್ರಾಮನಕಾಶೆಯ ಚುಕ್ಕಿಸಾಲುಗಳೂ ಅಂಥದೇ ದಾಖಲೆ. ಅವರು ಅದನ್ನು ಹಕ್ಕಾಗಿ ಬೆಳೆಸಿದರು, ನಾವು ಕಪಾಟಿನಲ್ಲಿ ಇಟ್ಟೆವು.

ನಮ್ಮಲ್ಲಿ ಕಾನೂನೇ ಇಲ್ಲವೆಂದೂ ಹೇಳಲಾಗದು. 2011ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಯಲ್ಲಿ, ಕಡಲತೀರದ ಎರಡು ಹೋಟೆಲು ಅಥವಾ ರೆಸಾರ್ಟುಗಳ ನಡುವೆ ಸಾರ್ವಜನಿಕರು ತೀರಕ್ಕೆ ಹೋಗಲು ಕನಿಷ್ಠ 20 ಮೀಟರು ಅಗಲದ ಜಾಗ ಬಿಡಬೇಕೆಂಬ ಷರತ್ತು ಇತ್ತು. ರೆಸಾರ್ಟುಗಳ ನಡುವೆ ದಾರಿ ಬೇಕೆಂದು ಹೊಳೆದವರಿಗೆ ಕಾರ್ಖಾನೆಗಳ ನಡುವೆಯೂ ದಾರಿ ಬೇಕೆಂದು ಏಕೆ ಹೊಳೆಯಲಿಲ್ಲವೋ! ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಪಾದಚಾರಿ ಮಾರ್ಗದಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರು ಅಗಲ ಇರಬೇಕೆನ್ನುತ್ತದೆ. 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗವನ್ನು ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು. ಬೈಕಂಪಾಡಿಯ ಹೆದ್ದಾರಿ ದಾಟುವವರಿಗೆ ಆ ವಿಧಿಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಇಲ್ಲಿ ಒಂದು ಮಾತು. ಸುರತ್ಕಲ್ಲಿನ ಟೋಲ್ ಗೇಟಿನ ವಿರುದ್ಧ ವರ್ಷಗಟ್ಟಲೆ ಹೋರಾಟ ನಡೆದು 2022ರ ಡಿಸೆಂಬರ್ 1ರಿಂದ ಅಲ್ಲಿಯ ಸುಂಕ ವಸೂಲಿ ನಿಂತಿತು. ಸಂಘಟಿತರಾದರೆ ಹೆದ್ದಾರಿಯ ವ್ಯವಹಾರವೂ ಬದಲಾಗುತ್ತದೆ ಎಂದು ಆಗ ಸಿದ್ಧವಾಯಿತು. ವಾಹನವಿದ್ದವರಿಗೆ ತಮ್ಮ ನಷ್ಟ ರೂಪಾಯಿಗಳಲ್ಲಿ ಕಾಣುತ್ತಿತ್ತು, ರಸೀದಿ ಕೈಯಲ್ಲಿತ್ತು. ನಡೆಯುವವನ ಕೈಯಲ್ಲಿ ಯಾವ ರಸೀದಿಯೂ ಇಲ್ಲ.

ಭದ್ರತೆಯ ಆಕ್ಷೇಪವನ್ನು ನಾನು ಆಗಲೇ ಒಪ್ಪಿದ್ದೇನೆ: ಬಂದರಿನೊಳಗೆ ಯಾರೂ ಅಡ್ಡಾಡಬೇಕಾಗಿಲ್ಲ. ಗೋಡೆಯ ಹೊರಬದಿಯಲ್ಲಿ ನಡೆಯಲು ಜಾಗ ಬೇಕು, ಅಷ್ಟೆ. ಜನ ಹೆಚ್ಚಿದರೆ ಕಸ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ಅನುಭವ ಸುಳ್ಳು ಮಾಡುತ್ತದೆ. ದಿನವೂ ಅದೇ ಹಾದಿಯಲ್ಲಿ ನಡೆಯುವವನು ಕಸ ಎಸೆಯುವುದಿಲ್ಲ, ಎಸೆದವನನ್ನು ಬಿಡುವುದೂ ಇಲ್ಲ. ಕಡಲು ಅಪಾಯಕಾರಿ ಎಂಬುದು ಮಾತ್ರ ನಿಜವಾದ ಆಕ್ಷೇಪ. ಪಣಂಬೂರಿನಂತಹ ಜನನಿಬಿಡ ತೀರದಲ್ಲಿ ಜೀವರಕ್ಷಕರ ಕಾವಲಿನಿಂದ ಉಳಿದ ಜೀವಗಳು ಕಡಿಮೆಯಲ್ಲ. ಅದನ್ನು ನಿಲ್ಲಿಸಬೇಕೆಂದು ಯಾರೂ ಹೇಳುವುದಿಲ್ಲ. ನೀರಿಗಿಳಿಯುವವನಿಗೆ ಬೇಕಾದ ಕಾವಲು ಮರಳಿನ ಮೇಲೆ ನಡೆಯುವವನಿಗೆ ಬೇಕಾಗಿಲ್ಲ. ಜೂನ್‌ನಿಂದ ಮಳೆ ಹಿಂದೆ ಸರಿಯುವವರೆಗೆ ಮರಳೂ ಉಳಿಯುವುದಿಲ್ಲ, ನಡೆಯುವವರೂ ಇರುವುದಿಲ್ಲ.

ನಾನು ಕೇಳುವುದು ದೊಡ್ಡ ಮೊತ್ತದ ಯೋಜನೆಯನ್ನಲ್ಲ. ಬೈಕಂಪಾಡಿಯಲ್ಲಿ ಹೆದ್ದಾರಿ ದಾಟಲು ದೀಪವಿರುವ ಒಂದು ಸುರಕ್ಷಿತ ಸ್ಥಳ. ಅಲ್ಲಿಂದ ಕಡಲಬದಿಗೆ ಲಾರಿ ನಿಲ್ಲದ, ಚರಂಡಿಯ ಚಪ್ಪಡಿ ಬಾಯ್ದೆರೆಯದ ಹಾದಿ. ಕಡಲ್ಕೊರೆತದ ಬಂಡೆಗಳ ಹಿಂದೆ ಸುರತ್ಕಲ್ಲಿನವರೆಗೆ ಎಲ್ಲಿಯೂ ತುಂಡಾಗದ ಮಣ್ಣಿನ ದಾರಿ. ಪಿಲಿಕುಳಕ್ಕೆ ಭಾನುವಾರ ಸುರತ್ಕಲ್ ಕಡೆಯಿಂದ ನೇರ ಬಸ್ಸು. ಮೇಲಿನ ನಾಲ್ಕರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ ಎಂದರೆ ಹಿಂದೆಮುಂದೆ ನೋಡದೆ ಮೊದಲಿನದನ್ನು ಕೇಳುತ್ತೇನೆ. ಮಿಕ್ಕವನ್ನು ಜನ ತಾವಾಗಿಯೇ ತುಳಿದು ಮಾಡಿಕೊಳ್ಳುತ್ತಾರೆ.

ಇನ್ನು ಆ ಲಭ್ಯವಿಲ್ಲದ ಸಮೀಕ್ಷೆಯ ವಿಚಾರ. ಸುರತ್ಕಲ್ಲಿನಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆಯಿದೆ, ಸುತ್ತ ಹಲವು ಕಾಲೇಜುಗಳಿವೆ. ಅರ್ಥಶಾಸ್ತ್ರವನ್ನೋ ಸಾರಿಗೆ ಎಂಜಿನಿಯರಿಂಗನ್ನೋ ಓದುವ ನಾಲ್ಕು ವಿದ್ಯಾರ್ಥಿಗಳನ್ನು ಬೆಳಿಗ್ಗೆ ಐದೂವರೆಯಿಂದ ರಾತ್ರಿ ಎಂಟರವರೆಗೆ ಸರದಿಯಂತೆ ಬೈಕಂಪಾಡಿಯಲ್ಲಿ ಹೆದ್ದಾರಿಯ ಎರಡು ಬದಿಯಲ್ಲಿ ಕೂರಿಸಬೇಕು. ಒಂದು ಸಾಮಾನ್ಯ ಸೋಮವಾರ, ಒಂದು ಭಾನುವಾರ, ಮತ್ತು ನೂಲಹುಣ್ಣಿಮೆಯ ದಿನ. ಮೊಗವೀರರು ಹಾಲು, ತೆಂಗಿನಕಾಯಿ ಹಿಡಿದು ಸಮುದ್ರಪೂಜೆಗೆ ಹೊರಡುವುದು ಆ ದಿನವೇ. ಹೊಸ ಋತುವಿನ ಮೀನುಗಾರಿಕೆಗೆ ಊರೇ ಕಡಲ ಕಡೆಗೆ ನಡೆಯುವ ಆ ದಿನ ಎಣಿಸುವವನಿಗೆ ಗೆರೆ ಎಳೆದು ಕೈನೋಯಬಹುದು. ಕುರ್ಚಿಗಳನ್ನೂ ಮಧ್ಯಾಹ್ನದ ಊಟವನ್ನೂ ನಾನು ಒದಗಿಸುತ್ತೇನೆ.